ವಾಲ್ವ್‌ಗೆ ಯಾವ ಲೋಹ? ಓದುಗರ ಪ್ರಶ್ನೆ, ನಮ್ಮ ಉತ್ತರ

ತುಕ್ಕಿನ ಕುರಿತು ಪ್ರಶ್ನೆ ಕಳಿಸಿರೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಟ್ರೋಲ್ ವಾಲ್ವ್‌ಗಳಿಗೆ ಸಂಬಂಧಿಸಿದವು. ವಾಲ್ವ್ ಜೋಡಿಸುವ, ಅದಕ್ಕೆ ಎರಕ ಹೊಯ್ಯುವ, ಲೇಥಿನಲ್ಲಿ ಅದರ ಬಿಡಿಭಾಗ ಕಡೆಯುವ ಕೆಲಸವನ್ನೇ ನಂಬಿಕೊಂಡ ಮನೆಗಳು ಹುಬ್ಬಳ್ಳಿ-ಧಾರವಾಡದಲ್ಲಿ ಸಾಕಷ್ಟು ಇರುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಉದ್ಯೋಗದ ಹೊರಗಿರುವ ಓದುಗರಿಗೆ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ತೆರೆಯುವುದು, ಮುಚ್ಚುವುದು ಇಷ್ಟನ್ನೇ ಮಾಡುವ ವಾಲ್ವ್ ಬೇರೆ, ಕಂಟ್ರೋಲ್ ವಾಲ್ವ್ ಬೇರೆ. ಎರಡನೆಯದು ಹಗಲೂ ರಾತ್ರಿ ಅರೆತೆರೆದು ನಿಂತು ಹರಿವನ್ನು ಹಿಗ್ಗಿಸುತ್ತ, ಕುಗ್ಗಿಸುತ್ತ ಇರುತ್ತದೆ. ಅದರ ಹೊರ ಕವಚಕ್ಕೆ ಬಾಡಿ ಎನ್ನುತ್ತಾರೆ. ಒಳಗೆ ಹರಿವಿಗೆ ಎದುರಾಗಿ ನಿಲ್ಲುವ ಪ್ಲಗ್, ಅದು ಕೂರುವ ಸೀಟು, ಪ್ಲಗ್ಗನ್ನು ಏರಿಳಿಸುವ ಸ್ಟೆಮ್ ಇವೆಲ್ಲ ಸೇರಿದರೆ ಟ್ರಿಮ್. ಸ್ಟೆಮ್ ಬಾಡಿಯಿಂದ ಹೊರಬರುವಲ್ಲಿ ದ್ರವ ಸೋರದಂತೆ ಅದರ ಸುತ್ತ ಅದುಮಿದ ರಿಂಗುಗಳೇ ಪ್ಯಾಕಿಂಗ್, ಅವು ಕೂರುವ ಜಾಗ ಗ್ಲ್ಯಾಂಡ್.

ಪ್ರಶ್ನೆ (ತಾರಿಹಾಳ ಕೈಗಾರಿಕಾ ಪ್ರದೇಶದಿಂದ ಒಬ್ಬ ಮೇಲ್ವಿಚಾರಕರು): ಮಾನ್ಯರೆ, ನಮ್ಮಲ್ಲಿ 316 ಸ್ಟೇನ್‌ಲೆಸ್ ಸ್ಟೀಲ್ ಸ್ಟೆಮ್ ಹಾಕಿದ ಒಂದಷ್ಟು ವಾಲ್ವ್‌ಗಳನ್ನು ಜೋಡಿಸಿ, ನೀರಿನ ಒತ್ತಡದ ಪರೀಕ್ಷೆ ಮುಗಿಸಿ, ಗಿರಾಕಿ ಒಯ್ಯುವುದು ತಡವಾದ ಕಾರಣ ಮಳೆಗಾಲವಿಡೀ ಗೋದಾಮಿನಲ್ಲಿ ಇಟ್ಟಿದ್ದೆವು. ಆಮೇಲೆ ಅವರ ಕಾರ್ಖಾನೆಯಲ್ಲಿ ಕೂರಿಸಿದ ಮೊದಲ ದಿನವೇ ಗ್ಲ್ಯಾಂಡ್ ಸೋರಿತು. ಬಿಚ್ಚಿ ನೋಡಿದರೆ ಸ್ಟೆಮ್ಮಿನ ಮೇಲೆ ಸೂಜಿ ಚುಚ್ಚಿದಂಥ ಗುಂಡಿಗಳು. ಒಂದು ದಿನವೂ ದುಡಿಯದ ವಾಲ್ವ್‌ಗೆ ಹೀಗಾಗಬಹುದೇ? ಟೆಸ್ಟ್ ಸರ್ಟಿಫಿಕೇಟ್ ಸರಿಯಾಗಿಯೇ ಇದೆ. ಸರಳು ಕೊಟ್ಟವರು ಮೋಸ ಮಾಡಿದರೆಂದು ತಿಳಿಯಬೇಕೇ?

ಉತ್ತರ: ಸರಳು ಕೊಟ್ಟವರನ್ನು ದೂರುವ ಮೊದಲು ನಿಮ್ಮ ಪರೀಕ್ಷಾ ತೊಟ್ಟಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿ. ಇಂಥದೇ ಪ್ರಸಂಗವನ್ನು ಬಹಳ ವರ್ಷಗಳ ಹಿಂದೆ ನಾನು ಕೆಲಸ ಕಲಿತ ಶೆಡ್ಡಿನಲ್ಲೇ ಕಂಡಿದ್ದೇನೆ. ಅಂದು ಸ್ಟೆಮ್ಮನ್ನು ಹೊರಗೆಳೆದು ಕಿಟಕಿಯ ಬೆಳಕಿಗೆ ಹಿಡಿದಾಗ ಗುಂಡಿಗಳು ಎಲ್ಲೆಂದರಲ್ಲಿ ಹರಡಿರಲಿಲ್ಲ, ಬಳೆ ತೊಡಿಸಿದಂತೆ ಸಾಲುಸಾಲಾಗಿದ್ದವು. ಪಕ್ಕದಲ್ಲಿ ಬಿಚ್ಚಿಟ್ಟ ಗ್ರಾಫೈಟ್ ಪ್ಯಾಕಿಂಗ್ ರಿಂಗುಗಳನ್ನು ಒಂದೊಂದಾಗಿ ತಾಳೆ ಹಾಕಿದೆವು. ರಿಂಗು ಕುಳಿತಿದ್ದ ಜಾಗದಲ್ಲೇ ಗುಂಡಿ ಬಿದ್ದಿತ್ತು, ಅದರಾಚೆ ಒಂದು ಬೆರಳಿನಷ್ಟು ದೂರದಲ್ಲಿ ಸ್ಟೆಮ್ ಕನ್ನಡಿಯಂತೆ ಹೊಳೆಯುತ್ತಿತ್ತು. ನಿಮ್ಮ ಸ್ಟೆಮ್ಮನ್ನೂ ಹೀಗೆಯೇ ತಾಳೆ ಹಾಕಿ ನೋಡಿ.

ಕಾರಣ ಇಷ್ಟು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೈಮೇಲಿರುವ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆಯಿಂದ. ಆ ಪೊರೆ ಹರಿದರೆ ಮತ್ತೆ ಕಟ್ಟಿಕೊಳ್ಳುವುದಕ್ಕೆ ಆಮ್ಲಜನಕ ಬೇಕು. ಗ್ಲ್ಯಾಂಡಿನೊಳಗೆ ಬಿಗಿಯಾಗಿ ಅದುಮಿಟ್ಟ ಪ್ಯಾಕಿಂಗ್ ಪರೀಕ್ಷೆಯ ನೀರನ್ನು ಹೀರಿಕೊಂಡು ಕುಳಿತಿರುತ್ತದೆ, ಅಲ್ಲಿ ಗಾಳಿಯಾಡುವುದಿಲ್ಲ, ನೀರಿನ ಉಪ್ಪಿನಲ್ಲಿರುವ, ಪೊರೆಯನ್ನು ಹರಿಯುವ ಕ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ಅದರ ಮೇಲೆ, ಒದ್ದೆಯಾದ ಗ್ರಾಫೈಟೂ ಉಕ್ಕೂ ಒಂದನ್ನೊಂದು ತಾಗಿದರೆ ಚಿಕ್ಕದೊಂದು ಬ್ಯಾಟರಿಯೇ ಆಗುತ್ತದೆ, ಅದರಲ್ಲಿ ಸವೆಯುವ ಪಾಲು ಯಾವಾಗಲೂ ಉಕ್ಕಿನದು. ವಾಲ್ವ್ ಕೆಲಸ ಮಾಡುತ್ತಿದ್ದರೆ ಸ್ಟೆಮ್ ಏರಿಳಿದು ಈ ಜಾಗ ಬದಲಾಗುತ್ತಿತ್ತು. ಗೋದಾಮಿನಲ್ಲಿ ಅದು ನಾಲ್ಕು ತಿಂಗಳು ಅಲ್ಲಾಡದೆ ನಿಂತಿತು. ಹೀಗಾಗಿ ದುಡಿಯದೆ ಇದ್ದದ್ದೇ ಅದಕ್ಕೆ ಮುಳುವಾಯಿತು.

ಇನ್ನು ನೀರಿನ ವಿಷಯ. ನಲ್ಲಿಗೆ ಮಲಪ್ರಭೆಯ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದು ನಮ್ಮೂರವರಿಗೆ ಹೇಳಬೇಕಾಗಿಲ್ಲ. ಶೆಡ್ಡುಗಳಲ್ಲಿ ತೊಟ್ಟಿ ತುಂಬುವುದು ಬೋರ್‌ವೆಲ್ಲಿನಿಂದ, ಇಲ್ಲವೇ ಟ್ಯಾಂಕರಿನಿಂದ. ಕುಡಿಯಲು ಬರುವ ನೀರು ವಾಲ್ವ್‌ಗೇನು ಮಾಡೀತು ಎಂಬ ಮಾತು ಕೇಳಿದ್ದೇನೆ, ಆದರೆ ಅದು ತಪ್ಪು ತಿಳಿವಳಿಕೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಂತೆ ಒಂದು ಲೀಟರಿನಲ್ಲಿ 250 ಮಿಲಿಗ್ರಾಂವರೆಗೆ ಕ್ಲೋರೈಡ್ ಇರಬಹುದು, ಬೇರೆ ನೀರೇ ಸಿಗದ ಕಡೆ 1000ದವರೆಗೂ ನಡೆಯುತ್ತದೆ. ಸ್ಟೇನ್‌ಲೆಸ್ ವಾಲ್ವ್‌ಗಳ ಪರೀಕ್ಷೆಗಾದರೋ ಖರೀದಿದಾರರು ಸಾಮಾನ್ಯವಾಗಿ 100 ಮಿಲಿಗ್ರಾಂ ಮೀರಬಾರದೆನ್ನುತ್ತಾರೆ, ಕೆಲವರ ಆದೇಶದಲ್ಲಿ 50 ಅಥವಾ 30 ಎಂದೂ ಇರುತ್ತದೆ. ತೊಟ್ಟಿಯ ನೀರು ಬೇಸಿಗೆಯಲ್ಲಿ ಆವಿಯಾಗುತ್ತಲೇ ಇರುತ್ತದೆ, ನೀವು ಮೇಲಿನಿಂದ ಸುರಿಯುತ್ತಲೇ ಇರುತ್ತೀರಿ. ನೀರು ಹೋಗಿ ಉಪ್ಪು ಉಳಿಯುವುದರಿಂದ ವರ್ಷದ ಹಿಂದೆ ಮಾಡಿಸಿದ ವರದಿ ಇವತ್ತಿಗೆ ಉಪಯೋಗವಿಲ್ಲ.

ಮಾಡಬೇಕಾದ್ದು: ಪರೀಕ್ಷೆಗೆ ಆರ್‌ಒ ನೀರು ಬಳಸಿ, ತಿಂಗಳಿಗೊಮ್ಮೆಯಾದರೂ ತೊಟ್ಟಿ ಬರಿದು ಮಾಡಿ. ವಾಲ್ವ್ ತಿಂಗಳುಗಟ್ಟಲೆ ನಿಲ್ಲುವುದೆಂದು ಮೊದಲೇ ಗೊತ್ತಿದ್ದರೆ ಪರೀಕ್ಷೆಗೆ ಬಳಸಿದ ಪ್ಯಾಕಿಂಗ್ ತೆಗೆದು, ಗ್ಲ್ಯಾಂಡಿನೊಳಗೆ ಗಾಳಿ ಊದಿ ಒಣಗಿಸಿ, ಹೊಸ ಒಣ ಪ್ಯಾಕಿಂಗ್ ಹಾಕಿ. ಸತು ಬೆರೆಸಿದ ಗ್ರಾಫೈಟ್ ಪ್ಯಾಕಿಂಗೂ ಸಿಗುತ್ತದೆ, ಅದರಲ್ಲಿ ಉಕ್ಕಿನ ಬದಲು ಸತುವೇ ಸವೆಯುತ್ತದೆ. ಆದರೆ ಸತು 419 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಹೆಚ್ಚು ಬಿಸಿಯ ಉಗಿ ವಾಲ್ವ್‌ಗಳಿಗೆ ಅದನ್ನು ಹಾಕಬಾರದು. ಇಷ್ಟೆಲ್ಲ ಮಾಡದೆ ಬರೀ ಸ್ಟೆಮ್ಮಿನ ಲೋಹವನ್ನು 17-4 ಪಿಎಚ್ ಎಂಬ ಸ್ಟೇನ್‌ಲೆಸ್‌ಗೆ ಬದಲಿಸಿದರೆ ಸಾಕೆಂದು ಯಾರಾದರೂ ಸಲಹೆ ಕೊಟ್ಟರೆ ನಂಬಬೇಡಿ. ಅದು 316ಕ್ಕಿಂತ ಬಲವಾದ ಲೋಹವೇ ಹೊರತು ಗುಂಡಿ ಬೀಳುವುದನ್ನು ತಡೆಯುವುದರಲ್ಲಿ ಮೇಲಲ್ಲ. ಬದಲಿಸುವುದೇ ಆದರೆ ಗುಂಡಿಯನ್ನು ಇನ್ನೂ ಚೆನ್ನಾಗಿ ತಡೆಯುವ ನೈಟ್ರಾನಿಕ್ 50 ಅಥವಾ ಡ್ಯುಪ್ಲೆಕ್ಸ್ ಎಂಬ ಸ್ಟೇನ್‌ಲೆಸ್ ಸರಳಿಗೆ ಹೋಗಿ.

ಪ್ರಶ್ನೆ (ಹಾವೇರಿ ಜಿಲ್ಲೆಯ ಡಿಸ್ಟಿಲರಿಯೊಂದರ ನಿರ್ವಹಣಾ ವಿಭಾಗದಿಂದ): ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್ ಸಾಗಿಸುವ ಕೊಳವೆಯಲ್ಲಿ ನಮ್ಮ ಕಂಟ್ರೋಲ್ ವಾಲ್ವ್ ಇದೆ. ಬಾಡಿ ಸಿಎಫ್8ಎಂ (316ರ ಎರಕದ ರೂಪ), ಟ್ರಿಮ್ 316. ಬಾಡಿ ಹೊಸದರಂತಿದೆ, ಆದರೆ ಪ್ಲಗ್ಗು ಎಂಟು ತಿಂಗಳಿಗೆ ಒರಟು ಕಲ್ಲಿನಂತಾಗುತ್ತದೆ. ಒಂದು ಸಲ ಸೀಟಿನ ರಿಂಗು ಸೀಳಿತ್ತು. ಹ್ಯಾಸ್ಟೆಲಾಯ್ ಎಂಬ ನಿಕ್ಕೆಲ್ ಮಿಶ್ರಲೋಹ ಹಾಕಿಸಿರೆಂದು ಒಬ್ಬರು ಹೇಳುತ್ತಾರೆ, ಬೆಲೆ ಕೇಳಿ ನಮ್ಮ ಸಾಹೇಬರು ಸುಮ್ಮನಾಗಿದ್ದಾರೆ. ದಾರಿ ಯಾವುದು?

ಉತ್ತರ: ಬಾಡಿ ಚೆನ್ನಾಗಿದ್ದು ಪ್ಲಗ್ಗು ಕೆಟ್ಟಿದೆ ಎಂಬ ನಿಮ್ಮ ಮಾತಿನಲ್ಲೇ ಅರ್ಧ ಉತ್ತರವಿದೆ. ಎರಡೂ ಹೆಚ್ಚುಕಡಿಮೆ ಒಂದೇ ಲೋಹ, ಎರಡನ್ನೂ ಮುಟ್ಟುವುದು ಒಂದೇ ದ್ರವ. ಬೇರೆಯಾಗಿರುವುದು ವೇಗ. ಬಾಡಿಯ ಅಗಲವಾದ ಜಾಗದಲ್ಲಿ ನಿಧಾನವಾಗಿ ಸಾಗುವ ದ್ರವ ಪ್ಲಗ್ಗು-ಸೀಟಿನ ನಡುವಿನ ಸಂದಿಯಲ್ಲಿ ಹತ್ತಾರು ಪಟ್ಟು ವೇಗದಿಂದ ನುಗ್ಗುತ್ತದೆ, ಜತೆಗೆ ಸ್ಪೆಂಟ್ ವಾಶಿನಲ್ಲಿರುವ ಈಸ್ಟಿನ ಗಷ್ಟು, ಮರಳಿನ ಕಣಗಳೂ ಬಡಿಯುತ್ತವೆ. ಪೊರೆ ಕಟ್ಟಿಕೊಳ್ಳುವ ಮುಂಚೆಯೇ ಕಿತ್ತುಹೋಗುತ್ತದೆ. ಪುಸ್ತಕಗಳಲ್ಲಿರುವ ತುಕ್ಕಿನ ಕೋಷ್ಟಕಗಳನ್ನು ಈ ಜಾಗಕ್ಕೆ ಹಾಗೆಯೇ ಅನ್ವಯಿಸಬಾರದೆಂದು ನಾನು ಹೇಳುವುದು ಇದಕ್ಕೇ. ವರ್ಷಕ್ಕೆ 0.1 ಮಿಲಿಮೀಟರ್ ಸವೆದರೆ ಕೊಳವೆಗೆ ಅದು ಲೆಕ್ಕಕ್ಕಿಲ್ಲ, ಬಾಡಿಗೂ ಇಲ್ಲ. ಆದರೆ ಪ್ಲಗ್ಗು ಮತ್ತು ಸೀಟು ಒಂದಕ್ಕೊಂದು ಕೂರುವ ಅಂಚಿನಲ್ಲಿ ಅದರ ಕಾಲುಭಾಗ ಹೋದರೂ ವಾಲ್ವ್ ಮುಚ್ಚಿದಾಗ ಸೋರುತ್ತದೆ. ಸೋರಿಕೆಯ ಮಾನದಂಡದಲ್ಲಿ ನಾಲ್ಕನೆಯ ದರ್ಜೆಗೆ ಸೇರಿದ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ತನ್ನ ಪೂರ್ಣ ಸಾಮರ್ಥ್ಯದ ನೂರಕ್ಕೆ 0.01ಕ್ಕಿಂತ ಹೆಚ್ಚು ಸೋರಬಾರದೆಂದು ನಿಯಮವಿರುವಾಗ ಸವೆತಕ್ಕೆ ಅವಕಾಶವೆಲ್ಲಿದೆ?

ಈಗ ದ್ರವದ ಗುಣ. ಕಾಕಂಬಿಯ ಸ್ಪೆಂಟ್ ವಾಶ್ ಹುಳಿ, ಅದರಲ್ಲಿ ಕ್ಲೋರೈಡ್ ಲೀಟರಿಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ, ಬಟ್ಟಿ ಇಳಿಸುವ ಕಾಲಮ್ಮಿನ ತಳದಿಂದ ಬರುವಾಗ ಅದು ಕುದಿಯುವ ಬಿಸಿಗೆ ಸಮೀಪವಿರುತ್ತದೆ. ಹುಳಿ, ಉಪ್ಪು, ಬಿಸಿ ಈ ಮೂರೂ ಸೇರಿದ ಕಡೆ 316ರ ಆಟ ನಡೆಯುವುದಿಲ್ಲ. ಸುಮಾರು 60 ಡಿಗ್ರಿ ಮೀರಿದ ಮೇಲೆ ಕ್ಲೋರೈಡ್ ಇರುವಲ್ಲಿ ಈ ಜಾತಿಯ ಉಕ್ಕಿಗೆ ಎಳೆತವೂ ಸೇರಿದರೆ ಕೂದಲೆಳೆಯಂಥ ಬಿರುಕುಗಳು ಕವಲೊಡೆದು ಸೀಳುತ್ತವೆ. ನಿಮ್ಮ ಸೀಟಿನ ರಿಂಗು ಹೀಗೆಯೇ ಸೀಳಿರಬೇಕೆಂದು ನನ್ನ ಅನುಮಾನ. ಬಿಗಿಯಾಗಿ ತಿರುಪಿ ಕೂರಿಸಿದ ರಿಂಗಿನಲ್ಲಿ ಎಳೆತಕ್ಕೇನೂ ಕೊರತೆಯಿಲ್ಲ.

ಗುಂಡಿ ಬೀಳುವುದನ್ನು ತಡೆಯುವ ಶಕ್ತಿಯನ್ನು ಅಂದಾಜು ಮಾಡಲು ಒಂದು ಸರಳ ಲೆಕ್ಕವಿದೆ. ಲೋಹದಲ್ಲಿರುವ ಕ್ರೋಮಿಯಂನ ಶೇಕಡಾ ಪ್ರಮಾಣಕ್ಕೆ ಮಾಲಿಬ್ಡಿನಂನ 3.3 ಪಟ್ಟನ್ನೂ ಸಾರಜನಕದ 16 ಪಟ್ಟನ್ನೂ ಕೂಡಿಸಬೇಕು. 304ಕ್ಕೆ ಇದು ಸುಮಾರು 19, 316ಕ್ಕೆ 25ರ ಆಸುಪಾಸು, 2205 ಎಂಬ ಡ್ಯುಪ್ಲೆಕ್ಸ್‌ಗೆ 35, ಸೂಪರ್ ಡ್ಯುಪ್ಲೆಕ್ಸ್‌ಗೆ 40ಕ್ಕೆ ಮೇಲೆ. ಡ್ಯುಪ್ಲೆಕ್ಸ್ ಎಂದರೆ ಅರ್ಧ ಫೆರೈಟ್, ಅರ್ಧ ಆಸ್ಟಿನೈಟ್ ಎಂಬ ಎರಡು ಬಗೆಯ ಹರಳುಗಳಿರುವ ಉಕ್ಕು. ಈ ಬೆರಕೆಯಿಂದ ಅದು 316ಕ್ಕಿಂತ ಗಟ್ಟಿಯೂ ಹೌದು, ಕ್ಲೋರೈಡಿನ ಬಿರುಕಿಗೆ ಸುಲಭಕ್ಕೆ ಮಣಿಯುವುದೂ ಇಲ್ಲ. ನಿಕ್ಕೆಲ್ ನೂರಕ್ಕೆ 5ರಷ್ಟೇ ಇರುವುದರಿಂದ ಬೆಲೆಯೂ ಹ್ಯಾಸ್ಟೆಲಾಯ್‌ನ ಹತ್ತಿರಕ್ಕೆ ಬರುವುದಿಲ್ಲ. ನಿಮ್ಮ ಸ್ಥಿತಿಯಲ್ಲಿ ನಾನಾದರೆ 2205ರ ಪ್ಲಗ್ಗು, ಸೀಟು, ಸ್ಟೆಮ್ ಮಾಡಿಸಿ, ಬಾಡಿಯನ್ನು ಸದ್ಯಕ್ಕೆ ಹಾಗೇ ಬಿಟ್ಟು, ಗ್ಯಾಸ್ಕೆಟ್ ಕೂರುವ ಮುಖಗಳನ್ನು ಮಾತ್ರ ಪ್ರತಿ ನಿಲುಗಡೆಯಲ್ಲೂ ಪರೀಕ್ಷಿಸುತ್ತಿದ್ದೆ. ಬಾಡಿಯಲ್ಲಿ ತುಕ್ಕು ಮೊದಲು ಕಾಲಿಡುವುದು ಅಲ್ಲಿ.

ಕಣಗಳ ಹೊಡೆತ ಹೆಚ್ಚೆಂದು ಕಂಡರೆ ಕೂರುವ ಅಂಚುಗಳಿಗೆ ಸ್ಟೆಲ್ಲೈಟ್ 6 ಬೆಸುಗೆ ಲೇಪನ ಕೊಡಿಸಬಹುದು. ಕೋಬಾಲ್ಟು-ಕ್ರೋಮಿಯಂನ ಈ ಮಿಶ್ರಲೋಹಕ್ಕೆ 1907ರಲ್ಲಿ ಪೇಟೆಂಟ್ ಪಡೆದ ಎಲ್ವುಡ್ ಹೇನ್ಸ್ ಎಂಬ ಅಮೆರಿಕದವರು ಮೊದಲು ಹುಡುಕಿದ್ದು ಕಪ್ಪಾಗದ ಊಟದ ಚಾಕುವಿಗೆ ತಕ್ಕ ಲೋಹವನ್ನಂತೆ. ಇಂದು ಅದು ಚಾಕುವಿಗಿಂತ ಹೆಚ್ಚಾಗಿ ವಾಲ್ವ್ ಸೀಟಿನಲ್ಲಿದೆ. ಡ್ಯುಪ್ಲೆಕ್ಸ್ ಮೇಲೆ ಈ ಬೆಸುಗೆ ಹಾಕುವವರಿಗೆ ಕೈ ಪಳಗಿರಬೇಕು. ಹೆಚ್ಚು ಹೊತ್ತು ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಒಳಗೆ ಸಿಗ್ಮಾ ಎಂಬ ಪೆಡಸು ಪದಾರ್ಥ ಹುಟ್ಟಿ, ನೀವು ದುಡ್ಡು ಕೊಟ್ಟು ಕೊಂಡ ಗುಣವೇ ಮಾಯವಾಗುತ್ತದೆ.

ಲೋಹ ಬದಲಿಸುವ ಮುಂಚೆ ಎರಡು ಸಂಗತಿಗಳನ್ನು ವಿಚಾರಿಸಿ. ಮೊದಲನೆಯದು, ವಾಲ್ವ್ ಈಗ ಎಲ್ಲಿದೆ? ಕುದಿಯುವ ಅಂಚಿನಲ್ಲಿರುವ ದ್ರವದ ಒತ್ತಡ ವಾಲ್ವಿನೊಳಗೆ ಒಮ್ಮೆಲೇ ಇಳಿದರೆ ಅದು ಅಲ್ಲೇ ಉಗಿಯಾಗಿ ಸಿಡಿಯುತ್ತದೆ. ಅದೇ ವಾಲ್ವನ್ನು ಶಾಖ ವಿನಿಮಯಕದ ಆಚೆ, ದ್ರವ ತಂಪಾದ ಮೇಲೆ ಬರುವ ಜಾಗಕ್ಕೆ ಸರಿಸಲು ಸಾಧ್ಯವಾದರೆ ಎರಡು ಫ್ಲ್ಯಾಂಜಿನ ಖರ್ಚಿನಲ್ಲಿ ಅರ್ಧ ಕಾಟ ತಪ್ಪುತ್ತದೆ. ಎರಡನೆಯದು, ಕೊಳವೆ ಮತ್ತು ಎವಾಪರೇಟರಿನಲ್ಲಿ ಕಟ್ಟುವ ಗಾರೆಯಂಥ ಪದರವನ್ನು ನೀವು ಯಾವುದರಿಂದ ತೊಳೆಯುತ್ತೀರಿ? ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಿದ್ದರೆ, ಅದು ಎಷ್ಟೇ ತೆಳುವಾಗಿದ್ದರೂ, ನಿಮ್ಮ ಪ್ಲಗ್ಗು ಎಂಟು ತಿಂಗಳಲ್ಲಿ ಕೆಟ್ಟದ್ದಲ್ಲ, ತೊಳೆದ ಆ ಕೆಲವೇ ಗಂಟೆಗಳಲ್ಲಿ ಕೆಟ್ಟದ್ದು. ಆಗ ಡ್ಯುಪ್ಲೆಕ್ಸ್ ಹಾಕಿದರೂ ಉಳಿಯುವುದಿಲ್ಲ. ನೈಟ್ರಿಕ್ ಅಥವಾ ಸಲ್ಫಾಮಿಕ್ ಆಮ್ಲಕ್ಕೆ ಬದಲಾಯಿಸಿ.

ಪ್ರಶ್ನೆ (ಗದಗದ ಬಿಡಿಭಾಗಗಳ ವ್ಯಾಪಾರಿಯೊಬ್ಬರು): ಸಿಎಫ್8ಎಂ ಎಂದು ಬರೆದ ವಾಲ್ವ್ ಬಾಡಿಗೆ ಆಯಸ್ಕಾಂತ ಹತ್ತುತ್ತದೆ. ಸ್ಟೇನ್‌ಲೆಸ್‌ಗೆ ಹತ್ತಬಾರದಲ್ಲವೇ? ಮಾಲು ವಾಪಸು ಕಳಿಸಲೇ?

ಉತ್ತರ: ಕಳಿಸಬೇಡಿ. ಆ ಮಾತು ತಟ್ಟೆ ಲೋಟಗಳಿಗೆ ಸರಿ, ಎರಕಕ್ಕಲ್ಲ. ಅಚ್ಚಿನಲ್ಲಿ ಆರುವಾಗ ಬಿರುಕು ಬಿಡಬಾರದೆಂದು ಫೌಂಡ್ರಿಯವರು ಸಿಎಫ್8ಎಂನಲ್ಲಿ ಸ್ವಲ್ಪ ಫೆರೈಟ್ ಉಳಿಯುವಂತೆ ಬೇಕೆಂದೇ ಮಿಶ್ರಣ ಹೊಂದಿಸುತ್ತಾರೆ, ಸಾಮಾನ್ಯವಾಗಿ ನೂರಕ್ಕೆ 5ರಿಂದ 20. ಆಯಸ್ಕಾಂತ ಮೆಲ್ಲಗೆ ಎಳೆಯುವುದು ಇದರಿಂದ. 304ರ ಎರಕವಾದ ಸಿಎಫ್8 ಕೂಡ ಹೀಗೆಯೇ ಎಳೆಯುವುದರಿಂದ, ನಿಮಗೆ ನಿಜವಾಗಿ ಮೋಸವಾಗಬಹುದಾದ ಕಡೆ, ಅಂದರೆ 316ರ ಹೆಸರಿನಲ್ಲಿ 304 ಕೊಟ್ಟಾಗ, ಆಯಸ್ಕಾಂತ ಏನನ್ನೂ ಹೇಳುವುದಿಲ್ಲ. ಎರಡಕ್ಕೂ ಇರುವ ವ್ಯತ್ಯಾಸ ನೂರಕ್ಕೆ 2ರಿಂದ 3ರಷ್ಟು ಮಾಲಿಬ್ಡಿನಂ. ಅದನ್ನು ಹನಿ ಪರೀಕ್ಷೆಯ ಕಿಟ್ಟಿನಿಂದ ನಿಮ್ಮ ಅಂಗಡಿಯಲ್ಲೇ ನೋಡಬಹುದು, ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ನಿನಿಂದಲೂ ತಿಳಿಯುತ್ತದೆ. ಆದರೆ ಆದೇಶದಲ್ಲಿ ಸಿಎಫ್3ಎಂ ಎಂದಿದ್ದರೆ ಆ ಗನ್ನು ಸಾಲದು. ಸಿಎಫ್3ಎಂಗೂ ಸಿಎಫ್8ಎಂಗೂ ಮುಖ್ಯ ವ್ಯತ್ಯಾಸ ಇಂಗಾಲದ್ದು, ಮೊದಲನೆಯದರಲ್ಲಿ ನೂರಕ್ಕೆ 0.03 ಮೀರಬಾರದು, ಎರಡನೆಯದರಲ್ಲಿ 0.08ರವರೆಗೆ ಇರಬಹುದು. ಎಕ್ಸ್‌ರೇ ಗನ್ನಿಗೆ ಇಂಗಾಲ ಕಾಣುವುದೇ ಇಲ್ಲ. ಕಿಡಿ ಹಾರಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಇರುವ ಕಡೆ ಒಯ್ಯಬೇಕು, ಮತ್ತು ಎರಕದ ಮೇಲೆ ಒತ್ತಿದ ಹೀಟ್ ನಂಬರು (ಒಮ್ಮೆಗೆ ಕರಗಿಸಿದ ಲೋಹದ ಗುರುತು) ಸರ್ಟಿಫಿಕೇಟಿನ ನಂಬರಿಗೆ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. ಇದಕ್ಕೆ ಖರ್ಚೂ ಇಲ್ಲ.

ಪ್ರಶ್ನೆ (ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿನಿ): ಸರ್, ಹಣದ ಚಿಂತೆ ಇಲ್ಲದಿದ್ದರೆ ಎಲ್ಲ ಕಡೆಗೂ ಅತ್ಯಂತ ದುಬಾರಿಯಾದ ಮಿಶ್ರಲೋಹವನ್ನೇ ಹಾಕಿ ನಿಶ್ಚಿಂತೆಯಿಂದ ಇರಬಹುದಲ್ಲವೇ?

ಉತ್ತರ: ಇರಲಾಗುವುದಿಲ್ಲ ತಂಗಿ, ಕೆಲವು ಕಡೆ ಜೀವಕ್ಕೇ ಅಪಾಯ. ಟೈಟಾನಿಯಂ ದುಬಾರಿ ಲೋಹ, ಒದ್ದೆ ಕ್ಲೋರಿನ್ನನ್ನು ವರ್ಷಾನುಗಟ್ಟಲೆ ತಡೆಯುತ್ತದೆ. ಅದೇ ಟೈಟಾನಿಯಂ ಒಣ ಕ್ಲೋರಿನ್ನಿನಲ್ಲಿ ಬೆಂಕಿ ಹೊತ್ತಿಕೊಂಡು ಉರಿಯುತ್ತದೆ. ಅಗ್ಗದ ಕಾರ್ಬನ್ ಸ್ಟೀಲಿನದು ಇದಕ್ಕೆ ತದ್ವಿರುದ್ಧ, ಸಾಧಾರಣ ಬಿಸಿಯಲ್ಲಿ ಒಣ ಕ್ಲೋರಿನ್ನಿಗೆ ಅದೇ ಸಾಕು, ಸ್ವಲ್ಪ ತೇವ ಸೇರಿದರೆ ಮಾತ್ರ ಬೇಗ ತಿಂದುಹೋಗುತ್ತದೆ. ಸಲ್ಫ್ಯೂರಿಕ್ ಆಮ್ಲದ್ದೂ ಹೀಗೇ. ನೂರಕ್ಕೆ 98ರಷ್ಟು ಸಾಂದ್ರವಾದ ಆಮ್ಲವನ್ನು ಕಾರ್ಬನ್ ಸ್ಟೀಲ್ ಟ್ಯಾಂಕಿನಲ್ಲಿ ತುಂಬಿಡುತ್ತಾರೆ, ಏಕೆಂದರೆ ಗೋಡೆಯ ಮೇಲೆ ಕಟ್ಟುವ ಕಬ್ಬಿಣದ ಸಲ್ಫೇಟಿನ ಪದರವೇ ಕಾವಲು. ದ್ರವದ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ದಾಟಿದರೆ ಆ ಪದರ ತೊಳೆದುಹೋಗುತ್ತದೆ. ಕಂಟ್ರೋಲ್ ವಾಲ್ವಿನ ಒಳಗಿನ ವೇಗ ಅದನ್ನು ಯಾವಾಗಲೂ ದಾಟಿರುವುದರಿಂದ ಟ್ಯಾಂಕು ಸಾದಾ ಉಕ್ಕಿನದಾದರೂ ಅದರ ವಾಲ್ವ್‌ಗೆ ಅಲಾಯ್ 20 ಬೇಕಾಗುತ್ತದೆ. ತಾಮ್ರ ಮತ್ತು ಮಾಲಿಬ್ಡಿನಂ ಸೇರಿದ ಈ ನಿಕ್ಕೆಲ್-ಕ್ರೋಮಿಯಂ ಲೋಹವನ್ನು ಈ ಆಮ್ಲಕ್ಕೆಂದೇ ರೂಪಿಸಿದ್ದಾರೆ.

ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬನ್ನಿ. ನಿಕ್ಕೆಲ್ ಜತೆ ನೂರಕ್ಕೆ 28ರಷ್ಟು ಮಾಲಿಬ್ಡಿನಂ ಇರುವ ಹ್ಯಾಸ್ಟೆಲಾಯ್ ಬಿ-2 ಶುದ್ಧ ಆಮ್ಲವನ್ನು ಕುದಿಯುವ ಬಿಸಿಯಲ್ಲೂ ತಾಳಿಕೊಳ್ಳುತ್ತದೆ. ಆದರೆ ಆಮ್ಲ ತಂದ ಟ್ಯಾಂಕರಿನ ತುಕ್ಕಿನಿಂದಲೋ ಹಳೆಯ ಕೊಳವೆಯಿಂದಲೋ ಫೆರಿಕ್ ರೂಪದ ಕಬ್ಬಿಣ ಒಂದಿಷ್ಟು ಬೆರೆತರೂ ಸಾಕು, ಅದರ ದುಬಾರಿತನವೆಲ್ಲ ನೀರುಪಾಲು. ಕ್ರೋಮಿಯಂ ಇಲ್ಲದ್ದೇ ಅದಕ್ಕೆ ಕಾರಣ. ಕ್ರೋಮಿಯಂ, ಟಂಗ್‌ಸ್ಟನ್ ಎರಡೂ ಇರುವ ಸಿ-276 ಇಂಥ ಬೆರಕೆಯನ್ನು ತಡೆಯುತ್ತದೆ, ಆದರೆ ಶುದ್ಧ ಬಿಸಿ ಆಮ್ಲದಲ್ಲಿ ಬಿ-2ರಷ್ಟು ನಿಲ್ಲುವುದಿಲ್ಲ. ಇನ್ನು, ಆಮ್ಲ ತಣ್ಣಗಿದ್ದು ಒತ್ತಡವೂ ಕಡಿಮೆ ಇದ್ದರೆ ಈ ಚರ್ಚೆಯೇ ಅನಗತ್ಯ. ಒಳಗೆಲ್ಲ ಪಿಎಫ್‌ಎ ಪ್ಲಾಸ್ಟಿಕ್ ಹೊದಿಸಿದ ಸಾದಾ ಕಬ್ಬಿಣದ ವಾಲ್ವ್ ಎರಡನ್ನೂ ಮೀರಿಸುತ್ತದೆ, ಬೆಲೆಯೂ ಬಹಳ ಕಡಿಮೆ. ಲೋಹಶಾಸ್ತ್ರ ಓದಿದವರಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟ, ನನಗೂ ಕಷ್ಟವಾಗಿತ್ತು.

ಪ್ರಶ್ನೆ (ಮುಂಡರಗಿ ಕಡೆಯ ಗ್ರಾಮದ ಶುದ್ಧ ನೀರಿನ ಘಟಕ ನೋಡಿಕೊಳ್ಳುವವರು): ಆರ್‌ಒ ಯಂತ್ರದಿಂದ ಹೊರಬೀಳುವ ಬಿಟ್ಟ ನೀರಿನ ಹರಿವು ಹೊಂದಿಸುವ ಹಿತ್ತಾಳೆಯ ವಾಲ್ವ್ ಒಳಗೆ ಕೆಂಪಾಗಿ ಪುಡಿಯುದುರುತ್ತದೆ. ಏಕೆ?

ಉತ್ತರ: ಹಿತ್ತಾಳೆಯೊಳಗಿನ ಸತು ಕರಗಿಹೋಗಿ ತಾಮ್ರ ಮಾತ್ರ ಸ್ಪಂಜಿನಂತೆ ಉಳಿದಿದೆ, ಕೆಂಪು ಬಣ್ಣ ಅದರದು. ನಿಮ್ಮ ಯಂತ್ರ ಒಳಬಂದ ನೀರಿನ ಅರ್ಧವನ್ನು ಶುದ್ಧ ಮಾಡಿ ಅರ್ಧವನ್ನು ಬಿಡುತ್ತಿದ್ದರೆ, ಮೊದಲೇ ಸವಳಾಗಿದ್ದ ನೀರಿನ ಉಪ್ಪೆಲ್ಲ ಆ ಬಿಟ್ಟ ಅರ್ಧಕ್ಕೆ ಸೇರಿ ಹೆಚ್ಚುಕಡಿಮೆ ಎರಡರಷ್ಟಾಗಿರುತ್ತದೆ. ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯಲ್ಲಿ ಕ್ಲೋರೈಡ್ ಎಷ್ಟಿದೆ ನೋಡಿ, ಅದನ್ನು ಎರಡರಿಂದ ಗುಣಿಸಿ. ಬಂದ ಲೆಕ್ಕ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ 304 ನಡೆಯುತ್ತದೆ, 1000ದ ಒಳಗಿದ್ದರೆ 316ರ ಸೂಜಿ ವಾಲ್ವ್ ಹಾಕಿ. ಅದನ್ನೂ ಮೀರಿದರೆ 316ಕ್ಕೂ ಸಂದಿಗಳಲ್ಲಿ ಗುಂಡಿ ಬೀಳುತ್ತದೆ, ನಿಮ್ಮ ಪಂಪಿನ ಒತ್ತಡಕ್ಕೆ ತಕ್ಕ ದರ್ಜೆಯ ಪ್ಲಾಸ್ಟಿಕ್ ವಾಲ್ವನ್ನು ಕೇಳಿ ಪಡೆಯಿರಿ. ವಾಲ್ವ್ ಬದಲಿಸುವಾಗ ಅದರ ಎರಡೂ ಬದಿಯ ಹಿತ್ತಾಳೆಯ ನಿಪ್ಪಲ್‌ಗಳನ್ನೂ ತೆಗೆಸಿ, ಇಲ್ಲದಿದ್ದರೆ ಮುಂದಿನ ಸಲ ಮುರಿಯುವುದು ಅವೇ.